ಉಣಕಲ್‌ನ ರೊಟ್ಟಿ ಎಷ್ಟು ದೂರ ಹೋಗುತ್ತದೆ?

ಚಿಗರಿ ಬಸ್ಸಿಗೆ ಎಸಿ ಇರೋದರಿಂದ ಕಿಟಕಿ ತೆಗೆಯೋ ಹಾಗಿಲ್ಲ. ಹುಬ್ಬಳ್ಳಿಯಿಂದ ಹೊರಟು ಹೊಸೂರು, ವಿದ್ಯಾನಗರ ದಾಟುವತನಕ ಒಳಗೆ ಒಂದೇ ತೆರನಾದ ತಂಪು. ಉಣಕಲ್ ಕೆರೆಯ ಸ್ಟಾಪಿನಲ್ಲಿ ಬಾಗಿಲು ತೆರೆದಾಗ ಮಾತ್ರ ಹೊರಗಿನ ಗಾಳಿ ಒಮ್ಮೆಲೇ ಮುಖಕ್ಕೆ ಬಡಿಯುತ್ತದೆ. ಅದರಲ್ಲಿ ಕೆರೆಯ ನೀರು, ಮಳೆಗೆ ನೆನೆದ ಮಣ್ಣು, ಗಾಡಿಯವರು ಕರಿಯುವ ಮಿರ್ಚಿ ಭಜಿ ಮೂರರ ವಾಸನೆಯೂ ಇರುತ್ತದೆ. ಕಳೆದ ಜುಲೈನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಾನು ಇಳಿದಾಗಲೂ ಹಾಗೇ ಇತ್ತು. ಚಿಗವ್ವನ ಮನೆಗೆ ಹೋಗೋಕೆ ಒಂದು ಸ್ಟಾಪ್ ಮೊದಲೇ ಇಳಿಯಬೇಕು. ಕೆರೆ ನೋಡಿಕೊಂಡು ಹೋಗೋಣ ಅಂತ ಮುಂದೆ ಬಂದಿದ್ದೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು. ಆಫೀಸಿನವರು ಮೂರು ವಾರ ಮನೆಯಿಂದ ಕೆಲಸ ಮಾಡಲು ಬಿಟ್ಟಿದ್ದರು. ಊರಿಗೆ ಹೋಗೋಣ ಅಂದುಕೊಳ್ಳುತ್ತಿರುವಾಗಲೇ ಚಿಗವ್ವನ ಫೋನ್ ಬಂತು. "ತಮ್ಮಾ, ನೀ ಬಂದಾಗ ಆ ಆಪ್ ಒಂದು ಬಂದ್ ಮಾಡಿ ಕೊಡು. ನನಗ ಸಾಕಾಗೈತಿ," ಅಂದಳು. ಎರಡು ವರ್ಷದ ಹಿಂದೆ ಆ ಆಪಿಗೆ ಅವಳ ಖಾನಾವಳಿಯನ್ನು ಸೇರಿಸಿದವನು ನಾನೇ. ಮೆನು ಹಾಕಿದ್ದೂ, ಫೋಟೋ ತೆಗೆದದ್ದೂ ನಾನೇ. ಹಾಗಾಗಿ ಆ ಮಾತು ನನಗೇ ಹೇಳಿದಂತೆ ಕೇಳಿಸಿತು. "ಬಂದ್ ಮಾಡೋದು ಬ್ಯಾಡ ಚಿಗವ್ವಾ, ನಾ ಬಂದು ಸರಿ ಮಾಡ್ತೀನಿ," ಅಂದುಬಿಟ್ಟೆ. ನನ್ನ ನೌಕರಿಯೇ ಅದು. ಯಾರೋ ಒಂದು ಬಟನ್ ಒತ್ತಿದರೆ ಉತ್ತರ ಬರೋಕೆ ಎಷ್ಟು ಹೊತ್ತು ಹಿಡಿಯುತ್ತದೆ, ಅದನ್ನ ಹೇಗೆ ಕಡಿಮೆ ಮಾಡೋದು ಅಂತ ದಿನಾ ತಲೆ ಕೆಡಿಸಿಕೊಳ್ಳೋದು. ಊಟ ಕಳಿಸೋದೂ ಅಂಥದ್ದೇ ಅಲ್ಲವಾ ಅಂದುಕೊಂಡಿದ್ದೆ.

ಉಣಕಲ್ ನೋಡದವರಿಗೆ ಸ್ವಲ್ಪ ಹೇಳಬೇಕು. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಪಿ.ಬಿ. ರಸ್ತೆಯಲ್ಲಿ, ಹುಬ್ಬಳ್ಳಿ ಕಡೆಗೆ ಅಂಟಿಕೊಂಡು ಇರುವ ಊರಿದು. ಈಗ ಮಹಾನಗರದ ಒಳಗೇ ಸೇರಿಹೋಗಿದೆ. ಸುಮಾರು 200 ಎಕರೆಯ ಕೆರೆ ಇದೆ, ನೂರು ವರ್ಷಕ್ಕೂ ಹಳೆಯದು. ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಕೆರೆ ಅದು. ಈಗ ನಡುವೆ ವಿವೇಕಾನಂದರ ದೊಡ್ಡ ಪ್ರತಿಮೆ, ದಂಡೆಗೆ ಉದ್ಯಾನ, ಆಗಾಗ ನೀರು ಕಾಣದ ಹಾಗೆ ಹಬ್ಬುವ ಅಂತರಗಂಗೆ. ಹಳೇ ಊರಿನ ಒಳಗೆ ಚಂದ್ರಮೌಳೇಶ್ವರ ಗುಡಿ ಇದೆ. ಕಲ್ಯಾಣ ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು. ಅದರ ಸುತ್ತ ಸಣ್ಣ ಸಣ್ಣ ಓಣಿ, ಗುಡಿಗೆ ಹತ್ತಿಕೊಂಡಂತೆ ಮನೆಗಳು. ಹೊಸಬರು ಗುಡಿಯನ್ನು ಹುಡುಕಿಕೊಂಡೇ ಹೋಗಬೇಕು. ಸಿದ್ದಪ್ಪಜ್ಜನ ಊರು ಅಂತ ಸುತ್ತಲಿನ ಹಳ್ಳಿಯವರಿಗೆ ಇದರ ಮೇಲೆ ಭಕ್ತಿ. ನನಗೆ ಮಾತ್ರ ಸಣ್ಣವನಿದ್ದಾಗಿನಿಂದ ಊರಿನ ಹೆಸರಿನಲ್ಲಿರುವ 'ಉಣ' ಅನ್ನೋದರ ಮೇಲೆ ಪ್ರೀತಿ. ಹೆಸರು ಹೇಗೆ ಬಂತೋ ಏನೋ, ರಜೆಗೆ ಬಂದಾಗಲೆಲ್ಲ ಉಣ್ಣೋದು ಬಿಟ್ಟು ಬೇರೆ ಕೆಲಸ ನನಗೆ ಇರಲಿಲ್ಲ.

ಚಿಗವ್ವನ ಖಾನಾವಳಿ ಈ ಹಳೇ ಓಣಿಯೊಂದರ ಬಾಯಿಗೆ ಇದೆ. ಆರು ಟೇಬಲ್, ಎರಡು ಹಂಚು, ಮೂಲೆಯಲ್ಲಿ ಒಂದು ನೀರಿನ ಹಂಡೆ. ಕಾಕಾ ತೀರಿಕೊಂಡ ಮರುವರ್ಷ ಶುರು ಮಾಡಿದ್ದು. ರೊಟ್ಟಿ ಬಡಿಯೋಕೆ ಇಬ್ಬರು ಅಕ್ಕಂದಿರು ಬರುತ್ತಾರೆ. ಇಬ್ಬರ ಮನೆಯೂ ಈ ಕೂಲಿಯ ಮೇಲೇ ನಡೆಯೋದು. ಊಟ ಅಂದರೆ ಎರಡು ಜೋಳದ ರೊಟ್ಟಿ, ಎಣಗಾಯಿ ಅಥವಾ ಇನ್ನೊಂದು ಪಲ್ಯ, ಕಾಳಪಲ್ಯ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಮೊಸರು, ಅನ್ನ, ಸಾರು. ಕೂತು ಉಂಡರೆ 90 ರೂಪಾಯಿ. ರೊಟ್ಟಿ ಬೇಕಂದರೆ ಇನ್ನೊಂದು ಹಾಕುತ್ತಾರೆ, ಲೆಕ್ಕ ಹಿಡಿಯೋದಿಲ್ಲ.

ಹೋದ ದಿನ ರಾತ್ರಿ ಅವಳ ಫೋನಿನಲ್ಲಿ ಗಿರಾಕಿಗಳು ಬರೆದದ್ದನ್ನು ಓದಿದೆ. ರೇಟಿಂಗ್ 3.4ಕ್ಕೆ ಇಳಿದಿತ್ತು. 'ರೊಟ್ಟಿ ರಬ್ಬರ್ ಇದ್ದಂಗ ಐತಿ', 'ಪಲ್ಯ ಎಲ್ಲ ಚೆಲ್ಲಿ ಮೊಸರಿಗೆ ಕೂಡೇತಿ', '50 ನಿಮಿಷ ಕಾದೆ', ಹೀಗೇ. ಇದೇ ರೊಟ್ಟಿಯನ್ನ ಖಾನಾವಳಿಯಲ್ಲಿ ಕೂತು ಉಂಡವರು ಕೈ ತೊಳೆಯುತ್ತಾ ಹೊಗಳಿ ಹೋಗುತ್ತಿದ್ದರು. ಅಡುಗೆಯಲ್ಲಿ ತಪ್ಪಿಲ್ಲ, ಹೊತ್ತಿನಲ್ಲಿ ತಪ್ಪಿದೆ ಅಂತ ನಾನು ತೀರ್ಮಾನ ಮಾಡಿದೆ. ಆಪಿನಲ್ಲಿ 'ಊಟ ತಯಾರಾಗೋಕೆ ಎಷ್ಟು ನಿಮಿಷ' ಅಂತ ಒಂದು ಜಾಗ ಇದೆ. ಅಲ್ಲಿ 25 ಇತ್ತು. ನಾನು 10 ಮಾಡಿದೆ. ಕಡಿಮೆ ಹೊತ್ತು ತೋರಿಸಿದರೆ ಪಟ್ಟಿಯಲ್ಲಿ ಮೇಲೆ ಕಾಣುತ್ತೇವೆ, ಗಿರಾಕಿ ಬರುತ್ತಾರೆ ಅನ್ನೋದು ನನ್ನ ಲೆಕ್ಕ. ಅದಕ್ಕೆ ತಕ್ಕಂತೆ ಏಳೂವರೆಗೇ ರೊಟ್ಟಿ ಬಡಿದು ಒಟ್ಟಿಡಲು ಅಕ್ಕಂದಿರಿಗೆ ಹೇಳಿದೆ. "ಈಗ ಬಡದ್ರ ಎಂಟೂವರಿಗೆ ಹ್ಯಾಂಗ ಇರ್ತಾವು ತಮ್ಮಾ?" ಅಂತ ಹಿರಿಯ ಅಕ್ಕ ಕೇಳಿದಳು. ನಾನು ಕೇಳಿಸಿಕೊಂಡೆ, ಆದರೆ ಉತ್ತರ ಕೊಡಲಿಲ್ಲ.

ಆ ಶನಿವಾರ ಎಂಟರಿಂದ ಎಂಟು ನಲವತ್ತರ ಒಳಗೆ 11 ಆರ್ಡರ್ ಬಂದವು. ನನಗೆ ಖುಷಿಯೋ ಖುಷಿ. ಹೊರಗೆ ಜಿಟಿಜಿಟಿ ಮಳೆ. ಹತ್ತು ನಿಮಿಷ ಅಂತ ನಂಬಿ ಬಂದ ನಾಲ್ಕು ಜನ ಡೆಲಿವರಿ ಹುಡುಗರು ತಾಡಪಾಲಿನ ಕೆಳಗೆ ನೆನೆಯುತ್ತಾ ನಿಂತರು. ಒಟ್ಟಿಟ್ಟಿದ್ದ ರೊಟ್ಟಿ ಮೊದಲ ಐದು ಆರ್ಡರಿಗೇ ಮುಗಿಯಿತು. ಆಮೇಲೆ ಹಂಚಿನ ಮುಂದೆ ಸರದಿ. ಒಳಗೆ ಕೂತವರಿಗೂ ರೊಟ್ಟಿ ಇಲ್ಲ, ಹೊರಗೆ ನಿಂತವರಿಗೂ ಇಲ್ಲ. ಎರಡು ಆರ್ಡರ್ ರದ್ದಾದವು. ಒಂಬತ್ತೂವರೆಗೆ ಒಬ್ಬರು ಬರೆದರು: 'ನಿನ್ನಿ ರೊಟ್ಟಿ ಕೊಟ್ಟಾರ.'

ಚಿಗವ್ವ ಅದನ್ನ ನನ್ನ ಕೈಯಿಂದ ಓದಿಸಿಕೊಂಡಳು. ಇಷ್ಟು ವರ್ಷದಲ್ಲಿ ಅವಳು ಯಾರಿಗೂ ನಿನ್ನೆಯ ರೊಟ್ಟಿ ಹಾಕಿದವಳಲ್ಲ. ಉಳಿದದ್ದನ್ನ ಮನೆಯವರೇ ಮುರಿದು ಒಗ್ಗರಣೆ ಹಾಕಿಕೊಂಡು ತಿನ್ನುತ್ತಾರೆ. ಏನೂ ಮಾತಾಡಲಿಲ್ಲ, ಆ ರಾತ್ರಿ ಉಣ್ಣಲೂ ಇಲ್ಲ. ಅಷ್ಟರಲ್ಲಿ ಒಬ್ಬ ಹುಡುಗ ತಿರುಗಿ ಬಂದ. ತಿರುವಿನಲ್ಲಿ ಗಾಡಿ ಜಾರಿ ಮೊಳಕೈ ತರಚಿತ್ತು. ಚಿಗವ್ವ ಅರಿಶಿನ ಹಚ್ಚಿ, "ಅಷ್ಟ್ಯಾಕ ಜೋರು ಹೊಡದಿ ತಮ್ಮಾ?" ಅಂದಳು. "ಇಲ್ಲೇ ಇಪ್ಪತ್ತೈದು ನಿಮಿಷ ಹೋದ್ವಲ್ರೀ ಅಮ್ಮಾರ, ಅದನ್ನ ರಸ್ತೆದಾಗ ತುಂಬಿಸ್ಬೇಕಲ್ರೀ," ಅಂದ. ನಾನು ಪಕ್ಕದಲ್ಲೇ ಇದ್ದೆ. ಫೋನಿನಲ್ಲಿ 25 ಅಳಿಸಿ 10 ಅಂತ ಹೊಡೆದದ್ದು ನಾನು. ಜಾರಿದ್ದು ಅವನು.

ಅಮೆರಿಕದಲ್ಲಿ ಡೊಮಿನೋಸ್‌ನವರು '30 ನಿಮಿಷದಲ್ಲಿ ಪಿಜ್ಜಾ' ಅನ್ನುವ ಗ್ಯಾರಂಟಿಯನ್ನ 1993ರಲ್ಲಿ ಕೈಬಿಟ್ಟರು. ಅಪಘಾತದ ಮೊಕದ್ದಮೆಯೊಂದರಲ್ಲಿ ದೊಡ್ಡ ಪರಿಹಾರ ಕೊಡಬೇಕೆಂದು ತೀರ್ಪು ಬಂದ ಮೇಲೆ. ಇದನ್ನ ನಾನು ಯಾವತ್ತೋ ಓದಿದ್ದೆ. ಓದಿದ್ದು ನೆನಪಿಗೆ ಬಂದದ್ದು ಮಾತ್ರ ಆ ಅರಿಶಿನದ ಕೈ ನೋಡಿದಾಗ. ರಾತ್ರಿಯೇ 10 ತೆಗೆದು 25 ಹಾಕಿದೆ. ಭಾನುವಾರ ಅದನ್ನೂ ತೆಗೆದು 30 ಮಾಡಿದೆ.

ಸೋಮವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಮುಚ್ಚಿ ಆ ಹುಡುಗನ ಹಿಂದೆ ನನ್ನ ಕಾಕಾನ ಹಳೇ ಗಾಡಿ ತಗೊಂಡು ಹೊರಟೆ. ಊಟ ಹೋಗೋ ದಾರಿಯನ್ನ ಒಮ್ಮೆಯಾದರೂ ನೋಡಬೇಕು ಅನ್ನಿಸಿತು. ಮೊದಲ ಆರ್ಡರ್ ರಸ್ತೆಯಾಚೆಯ ಒಂದು ಪಿಜಿಗೆ. ಖಾನಾವಳಿಯ ಮಾಳಿಗೆ ಮೇಲೆ ನಿಂತರೆ ಆ ಕಟ್ಟಡದ ನೀರಿನ ಟ್ಯಾಂಕ್ ಕಾಣುತ್ತದೆ. ನಡುವೆ ಇರೋದು ಪಿ.ಬಿ. ರಸ್ತೆ, ರಸ್ತೆಯ ನಟ್ಟನಡುವೆ ಚಿಗರಿ ಬಸ್ಸಿನ ದಾರಿ, ಅದರ ಎರಡೂ ಬದಿ ಕಂಬಿ. ಸುಮಾರು 22 ಕಿಲೋಮೀಟರ್ ಉದ್ದದ ಈ ಬಿಆರ್‌ಟಿಎಸ್ ದಾರಿಯಲ್ಲಿ 2018ರ ಅಕ್ಟೋಬರ್‌ನಿಂದ ಬಸ್ಸು ಓಡುತ್ತಿವೆ. ಬಸ್ಸಿಗೆ ಯಾರೂ ಅಡ್ಡ ಬಾರದಿರಲಿ ಅಂತಲೇ ಆ ಕಂಬಿ. ಅದಕ್ಕೇ ನಾನು ಧಾರವಾಡದಿಂದ ಹುಬ್ಬಳ್ಳಿಗೆ ಆರಾಮವಾಗಿ ಬರೋದು. ಆದರೆ ಬೈಕಿನವನು ಎಲ್ಲೆಂದರಲ್ಲಿ ದಾಟುವ ಹಾಗಿಲ್ಲ. ಸಿಗ್ನಲ್ ಇರೋ ಕಡೆಗೆ ಹೋಗಬೇಕು, ತಿರುಗಬೇಕು, ಮತ್ತೆ ಅಷ್ಟೇ ದೂರ ವಾಪಸ್ ಬರಬೇಕು. ಕಣ್ಣಿಗೆ ಕಾಣುವ ಮನೆಗೆ ಊಟ ಮುಟ್ಟೋಕೆ 14 ನಿಮಿಷ ಹಿಡಿಯಿತು. ಅದೇ ದೂರವನ್ನ ನಾನು ಮರುದಿನ ಬಸ್ ನಿಲ್ದಾಣದ ಹತ್ತಿರ ನಡೆದು ದಾಟಿ ನೋಡಿದೆ. ಆರು ನಿಮಿಷ.

ಎರಡನೆಯದು ಇನ್ನೂ ಚಂದ. ವಿಳಾಸ ಗುಡಿಯ ಹಿಂದಿನ ಓಣಿ. ನಕ್ಷೆಯ ಗುರುತು ಮಾತ್ರ ಬೇರೆ ಎಲ್ಲೋ ಬಿದ್ದಿತ್ತು. ಅದನ್ನ ನಂಬಿ ಹೋದರೆ ಒಂದು ಗೋಡೆಯ ಮುಂದೆ ನಿಲ್ಲುತ್ತೀರಿ. ಹುಡುಗ ಗಾಡಿ ನಿಲ್ಲಿಸಿ ಫೋನ್ ಮಾಡಿದ. "ಅಕ್ಕಾರ, ಗುಡಿ ಯಾವ ಬಾಗಲಾ ಕಡೆ ಬರ್ಲ್ರೀ?" ಆ ಕಡೆಯಿಂದ, "ಮೂಡಣ ಬಾಗಲಾ ಮುಂದ ಬಂದು ಎಡಕ್ಕ ಹೊಳ್ಳು, ಆಕಳು ಕಟ್ಟಿರ್ತೀವಿ ನೋಡು." ಎಂಟುನೂರು ವರ್ಷಕ್ಕೂ ಹಳೆಯ ಗುಡಿಯ ನಾಲ್ಕು ಬಾಗಿಲು ಇಲ್ಲಿ ಜನಕ್ಕೆ ವಿಳಾಸ ಹೇಳೋ ಅನುಕೂಲ. ಫೋನಿನ ನಕ್ಷೆಗೆ ಅದು ಗೊತ್ತಿಲ್ಲ. ಆ ಹುಡುಗನಿಗೆ ಗೊತ್ತು, ಯಾಕಂದರೆ ಅವನು ಇಲ್ಲೇ ಹುಟ್ಟಿದವನು. ಆದರೆ ಆಪು ಪ್ರತಿ ಸಲ ಅವನನ್ನೇ ಕಳಿಸೋದಿಲ್ಲ. ಗೋಕುಲ ರೋಡಿನ ಕಡೆಯವನು ಬಂದರೆ ಆಕಳು ಹುಡುಕುತ್ತಾ ಹತ್ತು ನಿಮಿಷ ಸುತ್ತುತ್ತಾನೆ. ಪೆಟ್ಟಿಗೆಯೊಳಗೆ ರೊಟ್ಟಿ ಅಷ್ಟು ಹೊತ್ತೂ ಬೆವರುತ್ತಿರುತ್ತದೆ.

ಬೆವರೋದು ಅಂದೆನಲ್ಲ, ನಿಜವಾದ ವಿಷಯ ಅಲ್ಲೇ ಇತ್ತು.

ಆ ದಿನ ಸಂಜೆ ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತೆ. ಬೆಂಗಳೂರಿನಿಂದ ತರಿಸಿದ್ದ ಒಂದು ಅಡುಗೆ ಥರ್ಮಾಮೀಟರ್ ಕೈಯಲ್ಲಿತ್ತು. ಅಕ್ಕಂದಿರು ಅದನ್ನ ನೋಡಿ ನಕ್ಕರು, "ರೊಟ್ಟಿಗೂ ಜ್ವರಾ ನೋಡ್ತೀಯೇನು?" ಅಂತ. ಎಸರಿನಲ್ಲಿ ನಾದಿದ ಹಿಟ್ಟನ್ನ ಬಡಿದು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಹೊಳ್ಳಿ ಹಾಕಿ, ಉಬ್ಬಿದ ಮೇಲೆ ತೆಗೆಯಲು ಒಂದು ರೊಟ್ಟಿಗೆ ಹೆಚ್ಚೂಕಡಿಮೆ ಎರಡು ನಿಮಿಷ. ಎರಡು ಹಂಚು, ಹಾಗಾಗಿ ನಿಮಿಷಕ್ಕೆ ಒಂದು ರೊಟ್ಟಿ. ನಾಲ್ಕು ಊಟದ ಆರ್ಡರ್ ಅಂದರೆ ಎಂಟು ರೊಟ್ಟಿ, ಎಂಟು ನಿಮಿಷ, ಅದೂ ಒಳಗೆ ಯಾರೂ ಕೂತಿಲ್ಲ ಅಂದಾಗ. ಇಷ್ಟು ಸುಲಭದ ಲೆಕ್ಕವನ್ನ ನಾನು ಮೊದಲೇ ಹಾಕಿರಲಿಲ್ಲ. ಕಂಪ್ಯೂಟರಿನಲ್ಲಿ ಹೊರೆ ಹೆಚ್ಚಾದರೆ ಇನ್ನೊಂದು ಸರ್ವರ್ ಹಾಕುತ್ತೇವೆ. ಇಲ್ಲಿ ಹಂಚು ಹೆಚ್ಚಿಸಿದರೆ ಬಡಿಯೋ ಕೈ ಎಲ್ಲಿಂದ ತರೋದು?

ಹಂಚಿನಿಂದ ತೆಗೆದ ರೊಟ್ಟಿಯನ್ನ ನಾವು ತಕ್ಷಣ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚುತ್ತಿದ್ದೆವು. ಬಿಸಿ ಇರಲಿ ಅಂತ. ಜೋಳದ ರೊಟ್ಟಿಯ ಒಳಗೆ ಸಾಕಷ್ಟು ನೀರು ಇರುತ್ತದೆ. ಅದು ಹಬೆಯಾಗಿ ಹೊರಗೆ ಬಂದು, ದಾರಿ ಸಿಗದೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ರೊಟ್ಟಿಯ ಮೇಲೇ ಬೀಳುತ್ತದೆ. ಮೊದಲು ಒದ್ದೆ, ಆಮೇಲೆ ಆರುತ್ತಾ ಆರುತ್ತಾ ಚಿವುಟಿದರೂ ಹರಿಯದಂತೆ ಆಗುತ್ತದೆ. ಗಿರಾಕಿ ರಬ್ಬರ್ ಅಂದದ್ದು ಸುಳ್ಳಲ್ಲ. ಬಿಸಿ ಕಾಪಾಡಲು ನಾವು ಹಾಕಿದ ಹಾಳೆಯೇ ರೊಟ್ಟಿ ಕೆಡಿಸುತ್ತಿತ್ತು. ಪಲ್ಯದ ಕಥೆ ತಿರುಗಾಮುರುಗಾ. ಬಿಸಿ ಊಟ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಅಂತ ಎಫ್‌ಎಸ್‌ಎಸ್‌ಎಐ ಹೇಳುತ್ತದೆ. ನಮ್ಮ ಎಣಗಾಯಿ ತೆಳು ಡಬ್ಬಿಯಲ್ಲಿ 40 ನಿಮಿಷಕ್ಕೆ 55ಕ್ಕೆ ಬಂದಿತ್ತು.

ನಾನು ಇದನ್ನೆಲ್ಲ ದೊಡ್ಡ ಸಂಶೋಧನೆಯಂತೆ ಹೇಳಿದೆ. ಚಿಗವ್ವ ಸಾರಿಗೆ ಒಗ್ಗರಣೆ ಹಾಕುತ್ತಾ ಅಂದಳು, "ಬಿಸಿ ರೊಟ್ಟಿ ಯಾರರ ಬುತ್ತಿ ಕಟ್ತಾರೇನೋ?"

ಅಷ್ಟೇ ಮಾತು. ಬುತ್ತಿ! ನಮ್ಮ ಕಡೆಯವರು ಊಟವನ್ನ ದೂರ ಕಳಿಸೋದು ನಿನ್ನೆ ಮೊನ್ನೆ ಕಲಿತದ್ದಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವಾಗ ಬುಟ್ಟಿಯಲ್ಲಿ ಇರೋದೇನು? ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಕೆಂಪಖಾರ, ಗಟ್ಟಿ ಕಾಳಪಲ್ಯ, ಗಟ್ಟಿ ಮೊಸರು. ಒಂದೂ ಚೆಲ್ಲುವಂಥದ್ದಲ್ಲ, ಒಂದೂ ಆರಿದರೆ ಕೆಡುವಂಥದ್ದಲ್ಲ. ಬಿಸಿ ರೊಟ್ಟಿ ಒಲೆಯ ಮುಂದಿನ ಊಟ, ಖಡಕ್ ರೊಟ್ಟಿ ದಾರಿಯ ಊಟ. ಇದು ಉತ್ತರ ಕರ್ನಾಟಕದಲ್ಲಿ ಸಣ್ಣ ಹುಡುಗರಿಗೂ ಗೊತ್ತು. ನಾನು ಮಾತ್ರ ತಟ್ಟೆಯ ಊಟದ ಫೋಟೋ ತೆಗೆದು ಅದನ್ನೇ ಡಬ್ಬಿಗೆ ತುಂಬಿ ರಸ್ತೆಗೆ ಬಿಟ್ಟಿದ್ದೆ. ಎರಡು ವರ್ಷ ಅವಳು ನಾನು ಹಾಕಿಕೊಟ್ಟ ಮೆನು ಅಂತ ಸುಮ್ಮನಿದ್ದಳು. "ಮೊದಲ ಯಾಕ ಹೇಳಲಿಲ್ಲ?" ಅಂದೆ. "ನೀ ಕಲತವ. ನಿನಗ ಗೊತ್ತಿರಬೇಕಂತ ಮಾಡಿದ್ದೆ," ಅಂದಳು.

ಆಮೇಲೆ ಕೆಲಸ ಬೇಗ ಬೇಗ ಆಯಿತು. ಆಪಿನ ಮೆನು ಅಳಿಸಿ 'ಬುತ್ತಿ ಊಟ' ಅಂತ ಹೊಸದು ಬರೆದೆವು. ಮೂರು ಖಡಕ್ ರೊಟ್ಟಿ, ಗಟ್ಟಿ ಎಣಗಾಯಿ, ಹೆಸರುಕಾಳು ಪಲ್ಯ, ಎರಡು ಚಟ್ನಿ, ಮೊಸರು. ಸಾರು ತೆಗೆದೆವು. ಬಿಸಿ ರೊಟ್ಟಿಯ ಊಟ ಹತ್ತಿರದವರಿಗೆ ಮಾತ್ರ. ಅದಕ್ಕೂ ರೊಟ್ಟಿಯನ್ನ ಬಿದಿರ ಬುಟ್ಟಿಯಲ್ಲಿ ಎರಡು ನಿಮಿಷ ಹಬೆ ಆರಲು ಬಿಟ್ಟು, ದಪ್ಪ ಕಾಗದದಲ್ಲಿ ಬಾಯಿ ಬಿಗಿಯದೆ ಸುತ್ತೋದು. ಖಡಕ್ ರೊಟ್ಟಿಯನ್ನ ಮಧ್ಯಾಹ್ನ ಮೂರರಿಂದ ಐದರವರೆಗೆ, ಹಂಚು ಖಾಲಿ ಇರುವ ಹೊತ್ತಿನಲ್ಲಿ ಮಾಡಿಡಬಹುದು. ರಾತ್ರಿ ಎಂಟರ ಗದ್ದಲದಲ್ಲಿ ಎರಡೂ ಹಂಚು ಒಳಗೆ ಕೂತವರಿಗೆ ಸಿಕ್ಕವು. ಅಕ್ಕಂದಿರಿಗೆ ಎರಡು ತಾಸು ಹೆಚ್ಚು ಕೂಲಿ ಕೊಡಬೇಕಾಯಿತು. ಕೊಡಲೇಬೇಕು ಅಂತ ಚಿಗವ್ವನೇ ಹೇಳಿದಳು.

ಹುಡುಗರು ನಿಲ್ಲುವ ಕಡೆ ಒಂದು ಬೆಂಚು, ಕುಡಿಯುವ ನೀರಿನ ಕೊಡ, ಫೋನ್ ಚಾರ್ಜ್ ಮಾಡಲು ಒಂದು ಪ್ಲಗ್. ಇದಕ್ಕೆಲ್ಲ ಸಾವಿರ ರೂಪಾಯಿಯೂ ಆಗಲಿಲ್ಲ. ಇವರಿಗಾಗಿ ಕರ್ನಾಟಕದಲ್ಲಿ 2025ರಲ್ಲಿ ಒಂದು ಕಾಯ್ದೆ ಬಂದಿದೆ, ಪ್ರತಿ ವ್ಯವಹಾರದ ಮೇಲೆ ಕಂಪನಿಗಳಿಂದ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ತಗೊಂಡು ನಿಧಿ ಮಾಡೋದು. ರಾಜಸ್ಥಾನದಲ್ಲಿ ಇಂಥದ್ದೇ ಕಾಯ್ದೆ 2023ರಲ್ಲೇ ಬಂದಿತ್ತು. ಮೊಳಕೈ ತರಚಿದ ಹುಡುಗನಿಗೆ ನಾನು ಅದನ್ನ ವಿವರಿಸಿದೆ. ಗಮನ ಕೊಟ್ಟು ಕೇಳಿದ. ಆಮೇಲೆ, "ಛತ್ತು ಒಂದು ಹಾಕ್ಸ್ರೀ ಅಣ್ಣಾರ, ಮಳಿ ಬಂದ್ರ ನೆನಿತೀವ್ರಿ," ಅಂದ. ತಾಡಪಾಲು ತೆಗೆದು ತಗಡು ಹಾಕಿಸಿದೆವು.

ಇನ್ನು ದುಡ್ಡಿನ ಮಾತು. ಚಿಗವ್ವನ ಹತ್ತಿರ ಒಂದು ನೋಟ್‌ಬುಕ್ ಇದೆ, ಅದರಲ್ಲಿ ದಿನದ ಕಾಯಿಪಲ್ಯದ ಲೆಕ್ಕ ಮಾತ್ರ ಇರುತ್ತದೆ. ಆಪಿನ ಲೆಕ್ಕ ಬ್ಯಾಂಕಿಗೆ ಒಟ್ಟಿಗೆ ಬಂದು ಬೀಳುವುದರಿಂದ ಒಂದು ಊಟಕ್ಕೆ ಏನು ಉಳಿಯಿತು ಅಂತ ಅವಳೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಕೂತು ಬಿಡಿಸಿದೆವು. ಆಪಿನಲ್ಲಿ ಊಟದ ಬೆಲೆ 130. ಕಮಿಷನ್ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 34 ಹೋಗುತ್ತದೆ. 'ಆಫರ್' ಅಂತ ನಾನೇ ಒಪ್ಪಿದ್ದ ರಿಯಾಯಿತಿಯಲ್ಲಿ ನಮ್ಮ ಪಾಲು 20. ಡಬ್ಬಿ, ಹಾಳೆ, ಚೀಲಕ್ಕೆ 11. ಕೈಗೆ ಬರೋದು 65. ಸಾಮಾನು, ಗ್ಯಾಸ್ ಎಲ್ಲ ಹಿಡಿದರೆ ಊಟಕ್ಕೆ ಸುಮಾರು 60 ಬೀಳುತ್ತದೆ. ಐದು ರೂಪಾಯಿಗೆ ಎರಡು ವರ್ಷ ಬೈಸಿಕೊಂಡಿದ್ದಾಳೆ. ಊಟದ ಮೇಲಿನ 5 ಪರ್ಸೆಂಟ್ ಜಿಎಸ್‌ಟಿಯನ್ನ 2022ರ ಜನವರಿಯಿಂದ ಆಪಿನವರೇ ಗಿರಾಕಿಯಿಂದ ತಗೊಂಡು ಕಟ್ಟುತ್ತಾರೆ. ಅದೊಂದು ತಲೆನೋವು ನಮಗಿಲ್ಲ. ಉಳಿದದ್ದೆಲ್ಲ ನಾವೇ ಮಾಡಿಕೊಂಡದ್ದು. ಆಫರ್ ತೆಗೆದೆ. ಬುತ್ತಿ ಊಟಕ್ಕೆ 150 ಇಟ್ಟೆವು. ಆರ್ಡರ್ ಕಡಿಮೆಯಾದವು, ಬೇಜಾರೇನೂ ಆಗಲಿಲ್ಲ.

ದಿನಾ ತರಿಸುವವರನ್ನ ಆಪಿನಿಂದಲೇ ಹೊರಗೆ ತರಬೇಕು ಅನ್ನೋದು ಅವಳ ಆಲೋಚನೆ. ಅದಕ್ಕೊಂದು ಹಳೇ ಹೆಸರೂ ಇತ್ತು: ಡಬ್ಬಿ. ಆಪುಗಳು ಬರುವ ಎಷ್ಟೋ ಮೊದಲೇ ಹುಬ್ಬಳ್ಳಿ–ಧಾರವಾಡದ ಖಾನಾವಳಿಗಳಿಂದ ಓದೋ ಹುಡುಗರ ರೂಮಿಗೆ, ನೌಕರಿ ಮಾಡೋ ಒಂಟಿ ಜನರ ಮನೆಗೆ ಡಬ್ಬಿ ಹೋಗುತ್ತಿತ್ತು. 1947ರಲ್ಲಿ ಶುರುವಾದ ಬಿವಿಬಿ ಇಂಜಿನಿಯರಿಂಗ್ ಕಾಲೇಜು ಇಲ್ಲೇ ವಿದ್ಯಾನಗರದಲ್ಲಿ ಇದೆ, ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಆ ಕಡೆ ಕಿಮ್ಸ್ ಆಸ್ಪತ್ರೆ, ಅಲ್ಲಿ ಹಳ್ಳಿಯಿಂದ ಬಂದು ವಾರಗಟ್ಟಲೆ ಕೂರುವ ರೋಗಿಗಳ ಮನೆಯವರು. ಡಬ್ಬಿ ಉಣ್ಣುವ ಜನಕ್ಕೆ ಈ ರಸ್ತೆಯಲ್ಲಿ ಯಾವತ್ತೂ ಕೊರತೆಯಿಲ್ಲ. ಖಾನಾವಳಿ ಅನ್ನೋ ಪದವೇ ಮರಾಠಿಯ ಕಡೆಯಿಂದ ಬಂದದ್ದು. 1956ರವರೆಗೆ ನಾವು ಮುಂಬೈ ಆಡಳಿತದಲ್ಲೇ ಇದ್ದವರು. ಆ ಮುಂಬೈನಲ್ಲಿ 1890ರಿಂದ ಡಬ್ಬಾವಾಲಾಗಳು ಡಬ್ಬಿಯ ಮುಚ್ಚಳಕ್ಕೆ ಬಣ್ಣ, ಅಂಕಿ, ಅಕ್ಷರ ಬರೆದು ಸಾವಿರಾರು ಊಟ ಮುಟ್ಟಿಸುತ್ತಾ ಬಂದಿದ್ದಾರೆ. ಯಾವ ಸ್ಟೇಷನ್ನಿನಲ್ಲಿ ಇಳಿಸಬೇಕು, ಯಾರು ಒಯ್ಯಬೇಕು, ಯಾವ ಕಟ್ಟಡ, ಎಷ್ಟನೇ ಮಾಳಿಗೆ, ಎಲ್ಲ ಆ ಮುಚ್ಚಳದ ಮೇಲೆ.

ನಾವೂ 40 ಸ್ಟೀಲ್ ಡಬ್ಬಿ ತಂದೆವು. ಮುಚ್ಚಳಕ್ಕೆ ಬಣ್ಣ ಹಚ್ಚೋ ಕೆಲಸ ನನ್ನದು. ಗುಡಿಯ ಮೂಡಣ ಬಾಗಿಲ ಕಡೆಯವು ಕೆಂಪು, ಪಡುವಣ ಕಡೆಯವು ಹಸಿರು, ಕೆರೆ ಕಡೆಯವು ನೀಲಿ, ರಸ್ತೆಯಾಚೆಯವು ಹಳದಿ. ವಾಟ್ಸ್ಆ್ಯಪ್‌ನಲ್ಲಿ ಬೆಳಿಗ್ಗೆ ಹನ್ನೊಂದರ ಒಳಗೆ, ಸಂಜೆ ಆರರ ಒಳಗೆ ಹೇಳಬೇಕು. ಡಬ್ಬಿಗೆ 150 ಠೇವಣಿ, ಊಟಕ್ಕೆ 95. ಹಳದಿ ಡಬ್ಬಿಗಳನ್ನ ನಮ್ಮ ಓಣಿಯ ಪಿಯುಸಿ ಮುಗಿಸಿದ ಒಬ್ಬ ಹುಡುಗ ಎರಡು ಚೀಲದಲ್ಲಿ ಹಿಡಿದು ಬಸ್ ನಿಲ್ದಾಣದ ಹತ್ತಿರ ನಡೆದು ದಾಟುತ್ತಾನೆ. ಆಚೆ ಬದಿಯಲ್ಲಿ ಅವನ ಕಾಕಾನ ಮಗ ಸೈಕಲ್ ಹಿಡಿದು ನಿಂತಿರುತ್ತಾನೆ. ಬೈಕಿಗೆ 14 ನಿಮಿಷ ಆಗುತ್ತಿದ್ದ ದಾರಿ ಹೀಗೆ ಎಂಟರಲ್ಲಿ ಮುಗಿಯುತ್ತದೆ. ಸ್ಟೀಲಿನ ಡಬ್ಬಿಯಲ್ಲಿ ಪಲ್ಯ 60ರ ಮೇಲೇ ಇರುತ್ತದೆ, ಅಳೆದು ನೋಡಿದ್ದೇನೆ. ಇದಕ್ಕಾಗಿ ನಾನು ಬರೆದ ಪ್ರೋಗ್ರಾಂ ಅಂದರೆ ಯಾರ ಡಬ್ಬಿ ಯಾವ ಬಣ್ಣ ಅಂತ ತೋರಿಸುವ ಒಂದು ಸಣ್ಣ ಶೀಟ್. ನಾಲ್ಕೇ ದಿನಕ್ಕೆ ಚಿಗವ್ವ ಅದನ್ನ ನೋಡೋದು ಬಿಟ್ಟಳು. ಅಷ್ಟೂ ಬಾಯಿಪಾಠ ಆಗಿತ್ತು.

ಹೊರಡುವ ಹಿಂದಿನ ದಿನ ಒಂದು ಕಿಮ್ಸ್ ಡಬ್ಬಿ ಒಯ್ಯೋಕೆ ಯಾರೂ ಇರಲಿಲ್ಲ, ನಾನೇ ಹೋದೆ. ಗದಗ ಕಡೆಯ ಒಬ್ಬರು ಹಿರಿಯರು, ಹೆಂಡತಿಯ ಆಪರೇಷನ್ನಿಗೆ ಬಂದು ಒಂಬತ್ತು ದಿನ ಆಗಿತ್ತು. ಗೇಟಿನ ಹತ್ತಿರ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದರು. ಖಡಕ್ ರೊಟ್ಟಿ ಮುರಿದರು, ಲಟ್ ಅಂತ ಸಪ್ಪಳ ಬಂತು. ಅದನ್ನ ಕೇಳಿ ನನಗೆ ಆದ ಸಮಾಧಾನ ಯಾವ ರೇಟಿಂಗ್‌ನಿಂದಲೂ ಆಗಿರಲಿಲ್ಲ. "ನೀವ ಊಟ ಮಾಡೀರಿಲ್ಲೋ?" ಅಂತ ಕೇಳಿ ಒಂದು ತುಂಡು ಮುಂದೆ ಹಿಡಿದರು. ತಗೊಂಡೆ.

ವಾಪಸ್ ಬರುವಾಗ ಕೆರೆ ದಂಡೆಯ ಕಡೆ ಹೋಗಿ ಬಂದೆ. ಮೂರು ವಾರದ ಮಳೆಗೆ ನೀರು ಏರಿತ್ತು, ಅಂತರಗಂಗೆ ಒಂದು ಮೂಲೆಗೆ ಸರಿದಿತ್ತು.

ಈಗ ನಾನು ಬೆಂಗಳೂರಿನಲ್ಲಿದ್ದೇನೆ. ಆಪಿನ ರೇಟಿಂಗ್ 4.1ಕ್ಕೆ ಬಂದಿದೆ, ಅದನ್ನ ನೋಡೋನು ನಾನೊಬ್ಬನೇ. ನವನಗರದಿಂದಾಚೆಯ ಆರ್ಡರನ್ನ ಚಿಗವ್ವ ಇವತ್ತಿಗೂ ಒಪ್ಪೋದಿಲ್ಲ. "ಅಷ್ಟ ದೂರ ನನ್ನ ರೊಟ್ಟಿ ಹೋಗೂದು ಬ್ಯಾಡ, ಅವರ ಬಂದು ಉಣ್ಲಿ," ಅನ್ನುತ್ತಾಳೆ. ಮಳೆಗಾಲದಲ್ಲಿ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ಅದಕ್ಕೆ ಬಿಗಿ ಮುಚ್ಚಳದ ದೊಡ್ಡ ಡಬ್ಬ ತಂದಿದ್ದಾರೆ. ಅದೂ ಪೂರ್ತಿ ಸರಿಹೋಗಿಲ್ಲ. ಮೊನ್ನೆ ಭಾನುವಾರ ಫೋನ್ ಮಾಡಿದ್ದಳು. 40 ಡಬ್ಬಿಯಲ್ಲಿ ಈಗ 31 ಉಳಿದಿವೆ. ಹೋದದ್ದರಲ್ಲಿ ಏಳು ಹಳದಿ, ಎಲ್ಲ ಒಂದೇ ಹಾಸ್ಟೆಲ್ಲಿಗೆ ಹೋದವು. ಹುಡುಗರು ಅದರಲ್ಲಿ ನೂಡಲ್ಸ್ ಮಾಡಿಕೊಳ್ಳುತ್ತಾರಂತೆ. ಪರೀಕ್ಷೆ ಮುಗಿದು ಅವರು ಊರಿಗೆ ಹೋಗುವುದರೊಳಗೆ ಹೋಗಿ ಇಸಗೊಂಡು ಬರಬೇಕಂತೆ. "ನೀ ದೀಪಾವಳಿಗೆ ಬರ್ತೀಯಲಾ, ಆವಾಗ ಹೋಗಿ ಬಾ," ಅಂದಿದ್ದಾಳೆ.